ಎರಡು ದಿನದ ಮಾತು

ಮೇ 6, ಮಂಗಳವಾರ

ಬೆಳಿಗ್ಗೆ ಎರಡು ಪ್ರವಾಸಿ ತಂಡ. ಮೊದಲನೆಯದು ಜರ್ಮನ್ನರದು. ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಸೆರಾಪಿಯೊ ಅನ್ನುವ ರೋಮನ್ ಪಾಳಿನ ಮೂರು ಕಂಬ ತೋರಿಸಿದೆ, ನಡುಮಟ್ಟದಲ್ಲಿ ಸಮುದ್ರದ ಚಿಪ್ಪುಹುಳು ಕೊರೆದ ತೂತುಗಳನ್ನೂ. ಒಂದು ಕಾಲಕ್ಕೆ ಅಲ್ಲಿಯವರೆಗೆ ನೀರಿತ್ತು, ನಮ್ಮ ಪೊಟ್ಸುವೋಲಿ ಊರಿನಡಿ ಜ್ವಾಲಾಮುಖಿ ಇದೆ, ಅದಕ್ಕೇ ನೆಲ ಇಳಿಯುತ್ತದೆ, ಏರುತ್ತದೆ, ಈಗ ಏರುತ್ತಿದೆ ಅಂದೆ. ಒಬ್ಬಾಕೆ ಕೇಳಿದಳು — ಈಗ ಅಂದರೆ? ಈಗ, ನೀವು ನಿಂತಿರುವಾಗಲೇ ಅಂದೆ. ನಕ್ಕರು. ನಾನೂ ನಕ್ಕೆ. ಈ ನಗು ನನ್ನ ಹೊಟ್ಟೆಪಾಡು.

ಸಂಜೆ ಅಡಿಯಿಂದ ಒಂದು ಗುಡುಗು. ಗ್ಲಾಸುಗಳು ಕಿಣಿಕಿಣಿ. ಮರುಕ್ಷಣ ಬಾಲ್ಕನಿಗಳಿಂದ ಮಾಮೂಲಿ ಕೂಗು, ಕಂಪನ ಎಷ್ಟರದು ಅಂತ.

"ಮೂರು!" ಅಂದ ಎದುರುಮನೆಯವನು.

"ಎಲ್ಲಿ ಮೂರು? ಎರಡೂವರೆ ದಾಟಿದ್ರೆ ಮೀಸೆ ಬೋಳಿಸ್ಕೋತೀನಿ!" — ಕೆಳಗಿನಿಂದ ತಮ್ಮ ಪ್ರೊಕೊಲೊ.

ಫೋನಿನಲ್ಲಿ ಎರಡೂ ಮುಕ್ಕಾಲು ಅಂತ ಬಂತು. ಮೀಸೆ ಇನ್ನೂ ಇದೆ. ಅಮ್ಮ ಮಾತ್ರ ಕೂಗುವುದಿಲ್ಲ. ಟೊಮೇಟೊ ಸಾರಿನ ಪಾತ್ರೆ ಹಿಡಿದು, ನಿಲ್ಲುವ ತನಕ ಕಾಯುತ್ತಾಳೆ. ಆಮೇಲೆ ಉಪ್ಪು ಹಾಕುತ್ತಾಳೆ.

ಮೇ 9, ಶುಕ್ರವಾರ

ಬಂದರಿನಲ್ಲಿ ಪ್ರೊಕೊಲೊನ ದೋಣಿ ಕೆಸರಿಗೆ ಕೂತಿದೆ. ಕಡಲ ತಳವೇ ಮೇಲೆ ಬಂದುಬಿಟ್ಟಿದೆ, ನೀರು ತುಂಬಿದಾಗಷ್ಟೇ ಹೊರಡಬಹುದು. "ಸಮುದ್ರಾನೇ ಓಡಿಹೋಗ್ತಿದೆ ಕಣೇ ಅಕ್ಕ. ನಾವು ಮಾತ್ರ ಇಲ್ಲೇ ಕೂತಿದೀವಿ, ಪೆದ್ದುಗಳ ಥರ," ಅಂದ. ತಮಾಷೆಗೆ ಅಂದದ್ದಲ್ಲ.

ಗಂಧಕದ ವಾಸನೆ ಈಗ ಹಾಸಿಗೆವರೆಗೂ ಬಂದಿದೆ. ಅಮ್ಮನ ಬೆಳ್ಳಿ ಶಿಲುಬೆ ಮತ್ತೆ ಕಪ್ಪಾಯಿತು. ಉಜ್ಜುತ್ತಾ ಗೋಡೆಯ ಮೇಲಿನ ಸಂತ ಪ್ರೊಕೊಲೊಗೆ ತರಾಟೆ — ಊರು ಕಾಯುವ ಸಂತ, ತಮ್ಮನಿಗೂ ಅವನದೇ ಹೆಸರು. "ಏನಯ್ಯಾ ಮಹಾರಾಯ, ನಿನ್ನೂರಲ್ಲೇ ನಿನ್ನ ಮಾತು ನಡೆಯಲ್ವಾ? ಸುಮ್ನೆ ಮೇಣದಬತ್ತಿ ತಿಂದ್ಕೊಂಡು ನಿಂತಿದೀಯಲ್ಲ!" ಚಿತ್ರವನ್ನು ಗೋಡೆ ಕಡೆಗೆ ತಿರುಗಿಸಿಟ್ಟಳು.

ಮೇ 14, ಬುಧವಾರ

ನಾಲ್ಕು ದಿನ ಬರೆಯಲು ಆಗಲಿಲ್ಲ. ಸೋಮವಾರದ್ದು ನಾಲ್ಕೂವರೆ. ಅಡುಗೆಮನೆಯ ಗಾರೆ ಪೂರ್ತಿ ಒಲೆಯ ಮೇಲೆ. ಅಮ್ಮ ಆಗ ಸಂಡಾಸಿನಲ್ಲಿದ್ದಳು, ಬದುಕಿದಳು. ನಿನ್ನೆ ಅಗ್ನಿಶಾಮಕದವರು ಬಂದು ಕಟ್ಟಡ ನೋಡಿದರು. ಬಾಗಿಲಿಗೆ ಕೆಂಪು ಚೀಟಿ. ಶನಿವಾರದೊಳಗೆ ಖಾಲಿ ಮಾಡಬೇಕು. ದೂರದ ಊರೊಂದರಲ್ಲಿ ಹೋಟೆಲ್ ಕೋಣೆ ಕೊಡುತ್ತಾರಂತೆ.

ಅಮ್ಮ ಬರುವುದಿಲ್ಲವಂತೆ. ಪ್ರೊಕೊಲೊ ಕಿರುಚಾಡಿ ಗಂಟಲು ಕಟ್ಟಿಸಿಕೊಂಡ.

"ಹೊತ್ಕೊಂಡು ಹೋಗ್ತೀನಿ ನಿನ್ನ!"

"ಹೊರು ನೋಡೋಣ. ನಿನ್ನ ಸೊಂಟ ಮುರಿಯುತ್ತೆ, ನನ್ನ ಹಠ ಮುರಿಯಲ್ಲ."

ನಾನು ಹೊರಗೆ ಬಂದು ಅತ್ತೆ. ಹೆದರಿಕೆ. ಬರೀ ಹೆದರಿಕೆ. ಇನ್ನೊಮ್ಮೆ ಹಾಗೆ ನಡುಗಿದರೆ, ಅಮ್ಮ ಒಳಗಿದ್ದರೆ...

ಮೇ 15, ಗುರುವಾರ

ಒಪ್ಪಿದಳು!

ಕಾಳು ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. "ಎರಡು ದಿನದ ಮಾತಮ್ಮ. ಎಲ್ಲ ತಣ್ಣಗಾದ ಮೇಲೆ ವಾಪಸ್ ಬರೋಣ," ಅಂದೆ. ಸುಳ್ಳೇ. ಆದರೆ ಏನು ಮಾಡಲಿ?

ಅಮ್ಮನ ಕೈ ನಿಂತಿತು. ನನ್ನ ಮುಖ ನೋಡಿದಳು, ತುಂಬ ಹೊತ್ತು.

"ಎರಡು ದಿನ."

"ಹೂಂ, ಎರಡೇ ದಿನ."

"ಸರಿ, ಬರ್ತೀನಿ. ಹೊರಡೋಕೆ ಮೊದ್ಲು ನನಗೆ ತೆರ್ರಾ ತೋರ್ಸು."

ನಂಬಲಾಗಲಿಲ್ಲ. ತೆರ್ರಾ ಅಂದರೆ ಬಂದರಿನ ಮೇಲಿನ ಹಳೇ ಗುಡ್ಡ, ಅಮ್ಮ ಹುಟ್ಟಿದ ಕೇರಿ. ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ನೆಲ ಹೀಗೆಯೇ ಎದ್ದಾಗ ಸೈನಿಕರು ಬಂದು ಎಲ್ಲರನ್ನೂ ಖಾಲಿ ಮಾಡಿಸಿದರು. ಅಮ್ಮನಿಗಾಗ ಹತ್ತೊಂಬತ್ತು. ಒಬ್ಬರನ್ನೂ ಮರಳಿ ಸೇರಿಸಲಿಲ್ಲ. ಈಗ ಅದು ಸ್ಮಾರಕ. ವಾರಕ್ಕೆ ಮೂರು ಸಲ ಅಲ್ಲಿ ಜನ ಸುತ್ತಿಸುತ್ತೇನೆ, ಅಮ್ಮ ಮಾತ್ರ ಒಂದು ದಿನ ಕಾಲಿಟ್ಟವಳಲ್ಲ. "ನನ್ನ ಮನೆಗೆ ನಾನು ಟಿಕೆಟ್ ತಗೋಬೇಕಾ?" ಅನ್ನುತ್ತಿದ್ದಳು.

ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಪ್ರೊಕೊಲೊಗೆ ಫೋನ್ ಮಾಡಿದೆ. ಅವನು — "ಇಷ್ಟು ಸಲೀಸಾಗಿ ಒಪ್ಕೊಂಡ್ಲಾ? ನಮ್ಮಮ್ಮನಾ?"

ಮೇ 17, ಶನಿವಾರ, ಬೆಳಿಗ್ಗೆ

ಸಾಮಾನೆಲ್ಲ ಪ್ರೊಕೊಲೊನ ವ್ಯಾನಿನಲ್ಲಿ. ಅಮ್ಮ ಇಗರ್ಜಿಗೆ ಹಾಕುವ ಬೂಟು, ಕೈಯಲ್ಲೊಂದು ಬಟ್ಟೆಚೀಲ. ಏನಮ್ಮ ಅದು ಅಂದರೆ "ನಿನಗ್ಯಾಕೆ" ಅಂದಳು. ಹತ್ತು ಗಂಟೆಗೆ ತಂಡ ಇದೆ, ಇದೇ ಕೊನೆಯದಂತೆ, ನಾಳೆಯಿಂದ ಬಂದ್. ಅವರ ಜೊತೆಯೇ ಕರೆದೊಯ್ಯುತ್ತೇನೆ. ಮಧ್ಯಾಹ್ನ ಹೊರಟುಬಿಡುವುದು. ಇವತ್ತು ಇನ್ನೂ ಒಮ್ಮೆಯೂ ನಡುಗಿಲ್ಲ. ಅದೇ ಸರಿಬರುತ್ತಿಲ್ಲ.

ಅದೇ ದಿನ, ಮಧ್ಯಾಹ್ನ

ತೆರ್ರಾದಲ್ಲಿ, ಗಲ್ಲಿಯ ತುದಿಯಲ್ಲಿ, ನೆಲದ ಮೇಲೆ ಕೂತಿದ್ದೇನೆ. ಇಲ್ಲಿಂದ ಏಳಬೇಡಿ ಅಂದಿದ್ದಾರೆ ಅಗ್ನಿಶಾಮಕದವರು. ಸುಮ್ಮನಿರಲು ಆಗುತ್ತಿಲ್ಲ, ಬರೆಯುತ್ತಿದ್ದೇನೆ.

ಎಲ್ಲ ಚೆನ್ನಾಗಿಯೇ ಇತ್ತು. ಕೆಥೆಡ್ರಲಿನಲ್ಲಿ ಎಲ್ಲರೂ ರೋಮನ್ ಕಂಬಗಳ ಫೋಟೋ ತೆಗೆದರು. ಅಮ್ಮ ಕಂಬ ನೋಡಲಿಲ್ಲ, ತಾನು ಕೂರುತ್ತಿದ್ದ ಜಾಗ ಹುಡುಕಿದಳು. ಗಲ್ಲಿಗೆ ಬಂದಾಗ ಮೂಗು ಎಳೆದುಕೊಂಡು, "ಇಷ್ಟು ಚೊಕ್ಕಟ ಯಾವತ್ತೂ ಇರ್ಲಿಲ್ಲ. ಮೀನು ಹುರಿದ ವಾಸನೇನೇ ಇಲ್ಲ," ಅಂದಳು. ತಂಡವನ್ನು ನೆಲದಡಿಯ ರೋಮನ್ ಬೀದಿಗೆ ಇಳಿಸಿದೆ. ಅಮ್ಮ ಹಿಂದೆಯೇ ಇದ್ದಾಳೆ ಅಂದುಕೊಂಡೆ. ಅಡಿಯಲ್ಲಿರುವಾಗಲೇ ನಡುಗಿತು. ದೀಪ ಹೋಯಿತು. ಕಿರುಚಾಟ. ಒಬ್ಬೊಬ್ಬರನ್ನೇ ಮೇಲೆ ಹತ್ತಿಸಿದೆ, ಯಾರಿಗೂ ಏನಾಗಲಿಲ್ಲ. ಅಮ್ಮ ಇರಲಿಲ್ಲ.

ಮೂರನೇ ಅಂತಸ್ತಿನ ಕಿಟಕಿ ತೆರೆದಿತ್ತು. ಅವಳು ಹುಟ್ಟಿದ ಮನೆಯ ಕಿಟಕಿ. ದುರಸ್ತಿಯವರು ಬಾಗಿಲು ಬರೀ ಮುಂದೆ ಮಾಡಿ ಹೋಗಿದ್ದರಂತೆ. ಕಿಟಕಿಯ ಹೊರಗಿನ ತಂತಿಯ ಮೇಲೆ ಅಮ್ಮನ ಅಡುಗೆ ಬಟ್ಟೆ ನೇತಾಡುತ್ತಿತ್ತು. ಚೀಲದಲ್ಲಿ ಅದನ್ನೇ ತಂದಿದ್ದಳು.

ಪ್ರೊಕೊಲೊ ಓಡಿ ಬಂದು ಕೂಗಿದ. "ಅಮ್ಮಾ! ಇಳಿದು ಬಾ! ಗೋಡೆ ಬಿರಿದಿದೆ!"

"ಯಾಕೋ ಬಾಯ್ ಬಡ್ಕೋತೀಯ? ಆವತ್ತು ಆ ಯೂನಿಫಾರ್ಮಿನೋನು ಇದೇ ಬಾಗ್ಲಲ್ಲಿ ನಿಂತು, ಎರಡು ದಿನದ ಮಾತು ಅಂದ. ನೆನೆಹಾಕಿದ್ದ ಕಾಳು ಹಾಗೇ ಬಿಟ್ಟು ಇಳಿದೆ. ನಿನ್ನಕ್ಕನೂ ಮೊನ್ನೆ ಅದನ್ನೇ ಅಂದ್ಲು. ಹೊರಗೆ ಹಾಕೋದಾದ್ರೆ ನನ್ನ ಮನೆಯಿಂದ್ಲೇ ಹಾಕ್ಲಿ!"

ಈ ಗುಡ್ಡದ ಕಥೆಯನ್ನು ಮೂರು ಭಾಷೆಯಲ್ಲಿ ಹೇಳುತ್ತೇನೆ. ಆ ಮಾತು ಮಾತ್ರ ನನಗೆ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಅಗ್ನಿಶಾಮಕದವರು ಬಂದರು. ಏಣಿಯ ಲಾರಿ ಈ ಗಲ್ಲಿಯಲ್ಲಿ ಹಿಡಿಯುವುದಿಲ್ಲ. ಮುಖ್ಯಸ್ಥ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನಮ್ಮೋರು ಹತ್ತಿದ್ರೆ ಕಿಟಕಿಯಿಂದ ಹಾರ್ತೀನಿ ಅಂತಿದಾರೆ ನಿಮ್ಮಮ್ಮ. ಇಂಥ ಮನೆಗಳಲ್ಲಿ ಮೊದಲು ಬೀಳೋದೇ ಮೆಟ್ಟಿಲು. ಬೇಗ ಇಳಿಸ್ಬೇಕು. ಏನಾದ್ರೂ ಹೇಳಿ. ನಾಳೆನೇ ವಾಪಸ್ ಬರಬಹುದು ಅನ್ನಿ, ಪರವಾಗಿಲ್ಲ."

ಹೇಳಲು ಬಾಯಿ ತೆರೆದೆ. ಆಗಲಿಲ್ಲ.

"ಅಮ್ಮಾ, ವಾಪಸ್ ಬರೋದಿಲ್ಲ!" ಅಂದೆ. "ಈ ಮನೆಗೂ ಇಲ್ಲ, ಆ ಮನೆಗೂ ಇಲ್ಲ. ಯಾವತ್ತೂ ಇಲ್ಲ. ಸುಳ್ಳು ಹೇಳಿದೆ. ನೀನೊಬ್ಳು ಬಾ. ನನಗೆ ನೀನೊಬ್ಳು ಸಾಕು!"

ಪ್ರೊಕೊಲೊ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆಮೇಲೆ ಅಮ್ಮನ ತಲೆ ಹೊರಗೆ ಬಂತು.

"ಇಷ್ಟು ಹೇಳೋಕೆ ನಿನಗೇನಾಗಿತ್ತೇ ನುನ್ಸಿಯಾ ದೊಡ್ಡ ರೋಗ?"

ಅಡುಗೆ ಬಟ್ಟೆ ಎಳೆದುಕೊಂಡು ಕಿಟಕಿ ಮುಚ್ಚಿದಳು. ಚಿಲಕ ಹಾಕಿದ ಸದ್ದು. ಮನೆ ಬಿಟ್ಟು ಹೊರಡುವವರು ಹಾಕುವ ಹಾಗೆ.

ಬರುತ್ತಿದ್ದಾಳೆ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೇಲೆ ಬರಬೇಡಿ, ನಾನೇ ಇಳೀತೀನಿ ಅಂತ ಗದರುತ್ತಿದ್ದಾಳೆ. ಮುಖ್ಯಸ್ಥ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದಾನೆ. ಎರಡನೇ ಅಂತಸ್ತು ದಾಟಿರಬೇಕು. ನಿಂತಳು... ಮಂಡಿನೋವು. ಮತ್ತೆ ಹೊರಟಳು. ಪ್ರೊಕೊಲೊಗೆ ಅಲ್ಲಿಂದಲೇ ಬೈಗುಳ, ವ್ಯಾನ್ ನೆರಳಿಗೆ ನಿಲ್ಲಿಸಿದೀಯೋ ಇಲ್ವೋ ಅಂತ. ನಗು ಬಂತು ನನಗೆ. ಇನ್ನೊಂದೇ ತಿರುವು, ಅವಳ ಬೂಟು ಕಾಣುತ್ತಿದೆ, ಅಮ್ಮ ಬೇಗ, ಬೇಗ — ಕೂತ ನೆಲ ನಡುಗು—