ಗೇರ್‌ಬಾಕ್ಸಿಗೆ ನೀರು ಬಂದ ದಾರಿ

ಜೂನ್ 3
ಇವತ್ತೂ ಗೇರ್‌ಬಾಕ್ಸ್, ನಾಳೆಯೂ ಗೇರ್‌ಬಾಕ್ಸ್. ಸೊಂಟ ಹಿಡಿದುಕೊಂಡಿದೆ. ಗ್ಯಾರೇಜಿನದು ಸಾಲದೆಂದು ಮನೆ ಕಾರೂ ಶುರುವಿಟ್ಟುಕೊಂಡಿದೆ. ಅಪ್ಪನ ಮಂಡಿನೋವಿಗೆಂದೇ ತಂದ ಆಟೊಮ್ಯಾಟಿಕ್ — ಡ್ರೈವ್‌ಗೆ ಹಾಕಿದರೆ ಸ್ವಲ್ಪ ಯೋಚಿಸಿ, ಆಮೇಲೆ ಜರ್ಕ್ ಹೊಡೆಯುತ್ತದೆ. ಅಪ್ಪನ ದೂರು ಮಾತ್ರ ಗಾಜಿನ ಮೇಲೆ.

"ಎಷ್ಟು ನೀರು ಬಿಟ್ಟು ಒರೆಸಿದ್ರೂ ಮಂಜು ಮಂಜೇ ಕಣಮ್ಮ. ಹೊಸ ವೈಪರ್ ಬ್ಲೇಡ್ ತಂದುಕೊಡು."

ಆಯಿತು ಅಂದೆ. ಜೀವನವಿಡೀ ಬಸ್ಸು ಓಡಿಸಿದವರು. ಈಗ ಪ್ರಯಾಣಿಕಳು ಒಬ್ಬಳೇ — ನನ್ನ ಮಗಳು, ಶಾಲೆಗೆ. ಆ ಒಂದು ಟ್ರಿಪ್ಪಿಗೂ ಇಸ್ತ್ರಿ ಮಾಡಿದ ಶರಟೇ ಆಗಬೇಕು.

ಜೂನ್ 5
ಮನೆ ಕಾರಿನ ಗೇರ್ ಎಣ್ಣೆ ಇಳಿಸಿದೆ. ಕೆಂಪಗೆ ತಿಳಿಯಾಗಿರಬೇಕಾದ್ದು ಸ್ಟ್ರಾಬೆರಿ ಹಾಲಿನ ಹಾಗಿದೆ. ನೀರು ಸೇರಿದೆ, ಅಪ್ಪನಿಗೂ ಹೇಳಿದೆ. ಥೂ.
ರೇಡಿಯೇಟರಿನೊಳಗೆ ಈ ಎಣ್ಣೆ ತಣಿಸುವ ಕೊಳವೆ ತೂತಾದರೆ ಹೀಗಾಗುವುದುಂಟು. ರೇಡಿಯೇಟರನ್ನೇ ಬದಲಿಸಿದೆ. ಹೊಸ ಎಣ್ಣೆ ಬಿಟ್ಟು ಓಡಿಸು, ಇಳಿಸು, ಮತ್ತೆ ಬಿಡು... ಕೊನೆಗೆ ಕೆಂಪು ಬಂತು.

ಜೂನ್ 14
ಮತ್ತೆ ಹಾಲು!
ಗ್ಯಾರೇಜಿನ ಯಜಮಾನರು ಬಗ್ಗಿ ನೋಡಿದರು. "ರೇಡಿಯೇಟರಿನ ನೀರು ಒಂದು ಹನೀನೂ ಕಮ್ಮಿಯಾಗಿಲ್ಲ. ನೀರು ಮೇಲಿಂದಲೇ ಬರ್ತಿದೆ ಕಣಮ್ಮ."
"ಮೇಲಿಂದ ಯಾರು ಸುರೀತಾರೆ?"
"ನಿಮ್ಮನೆ ಗಾಡಿ. ನನ್ನನ್ನ ಕೇಳಿದ್ರೆ?"
ನಗು ಬರಲಿಲ್ಲ. ಮತ್ತೆ ಎಣ್ಣೆ ಬದಲಿಸಿದೆ. ಹೊಸ ಬ್ಲೇಡ್ ಹಾಕಿ ವೈಪರ್ ಗುಂಡಿ ಒತ್ತಿ ನೋಡಿದರೆ ಗಾಜಿಗೆ ನೀರೇ ಹಾರಲಿಲ್ಲ. ವೈಪರ್ ನೀರಿನ ಬಾಟಲಿ ಒಣಗಿತ್ತು. ಅಪ್ಪ ದಿನಾ ತುಂಬಿಸುತ್ತಾರಲ್ಲ...

ಜೂನ್ 15, ಬೆಳಿಗ್ಗೆ
ಅಡುಗೆಮನೆ ಕಿಟಕಿಯಿಂದ ನೋಡಿದೆ. ಅಪ್ಪ ಬಾನೆಟ್ ಎತ್ತಿದರು. ಚೊಂಬು, ಆಲಿಕೆ. ಬೆರಳಿನಿಂದ ಅಂಚು ತಡವಿಕೊಂಡು ಹೋದರು. ವೈಪರ್ ಬಾಟಲಿಯ ಮುಚ್ಚಳ ದಾಟಿತು ಕೈ. ಪಕ್ಕದ ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದು, ಆಲಿಕೆ ಇಟ್ಟು, ನಿಧಾನಕ್ಕೆ ಸುರಿದರು. ಕಡ್ಡಿಯನ್ನು ಬಟ್ಟೆಯಿಂದ ಒರೆಸಿ ವಾಪಸ್ ಇಟ್ಟರು.
ಮಂಜು ಗಾಜಿಗಲ್ಲ. ಅಪ್ಪನ ಕಣ್ಣಿಗೆ.
ಇಷ್ಟು ದಿನ ಹಿಂದಿನ ಸೀಟಿನಲ್ಲಿ ನನ್ನ ಮಗಳು. ಹೊರಗೆ ಬಂದು, "ಗೇರ್‌ಬಾಕ್ಸ್ ಬಿಚ್ಚಬೇಕಪ್ಪ" ಎಂದಷ್ಟೇ ಹೇಳಿ ಕೀ ತೆಗೆದುಕೊಂಡೆ.

ಜೂನ್ 28
ಕ್ಲಚ್ ಪ್ಲೇಟುಗಳ ಅಂಟು ನೀರಿಗೆ ಪೂರಾ ಬಿಟ್ಟಿತ್ತು. ಎಲ್ಲ ಹೊಸದು ಹಾಕಿ ಮುಚ್ಚಿದೆ. ಚೆನ್ನಾಗಿ ಓಡುತ್ತಿದೆ. ಮನೆ ಮುಂದೆ ತಂದು ನಿಲ್ಲಿಸಿದೆ.
"ಸರಿಹೋಯ್ತೇನಮ್ಮ?"
"ಇಲ್ಲಪ್ಪ, ಇನ್ನೂ ಕೆಲಸ ಇದೆ."
ಈಗ ಮಗಳನ್ನು ನಡೆಸಿಕೊಂಡು ಶಾಲೆಗೆ, ತಡವಾಗಿ ಗ್ಯಾರೇಜಿಗೆ, ಯಜಮಾನರ ಗಂಟು ಮುಖ. ಸಾಕಾಗಿದೆ. ಹೇಳಿಬಿಡಬೇಕು. ಹೇಗೆ? ಅವರಿನ್ನೂ ದಿನಾ ಶರಟು ಇಸ್ತ್ರಿ ಮಾಡುತ್ತಿದ್ದಾರೆ.

ಜುಲೈ 4
ಬೆಳಿಗ್ಗೆ ಅಪ್ಪ ಶರಟು ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದರು.

"ಅವತ್ತು ನೀನು ತಂದು ನಿಲ್ಲಿಸಿದಾಗಲೇ ಕೇಳಿಸ್ತು. ಗೇರ್ ಬದಲಾಗಿದ್ದೇ ಗೊತ್ತಾಗ್ಲಿಲ್ಲ, ಅಷ್ಟು ಮೆತ್ತಗೆ. ಗಾಡಿ ಸರಿಹೋಗಿದೆ ಅಲ್ವಾ?"
"ಹೂಂ."
"ಗೇರ್ ಎಣ್ಣೆಗೆ ನೀರು ನಾನೇ ಹಾಕಿದ್ದಾ?"
ಮಗಳನ್ನು ಹಿಂದಿನ ಸೀಟಿಗೆ ಹತ್ತಿಸಿ ಬಾಗಿಲು ಹಾಕಿದೆ.
"ಡಾಕ್ಟರು ಹೋದ ವರ್ಷವೇ ಹೇಳಿದ್ರು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಇನ್ನು ಬರಲ್ಲ ಅಂತ. ದಿನಾ ಓಡಾಡೋ ದಾರಿ ತಾನೆ ಅಂದ್ಕೊಂಡೆ..."

ಕೆಟ್ಟ ಕೋಪ ಬಂತು. ಮಗು ಕೂತಿರುತ್ತಿತ್ತಲ್ಲಪ್ಪ, ಎಂದು ಕಿರುಚಬೇಕೆನ್ನಿಸಿತು. ಅಷ್ಟರಲ್ಲಿ ಅವರು ಬಾಗಿಲು ತೆಗೆದರು. ಸ್ಟಿಯರಿಂಗ್ ಕಡೆಯದಲ್ಲ, ಆಚೆಯದು. ಕೂತು ಬೆಲ್ಟಿಗೆ ತಡಕಾಡಿದರು. ಆ ಸೀಟಿನಲ್ಲಿ ಕೂತೇ ಗೊತ್ತಿಲ್ಲ ಅವರಿಗೆ. ಮಗಳು ಹಿಂದಿನಿಂದ ಬಗ್ಗಿ ಹಾಕಿಕೊಟ್ಟಳು.

"ರೈಟ್, ರೈಟ್" ಅಂದರು, ಕಂಡಕ್ಟರನ ಹಾಗೆ. ಮಗಳು ಕಿಸಕ್ಕೆಂದಳು.

ಹೊರಟೆ.

"ಬ್ಲೇಡ್ ಹೊಸದಲ್ವಾ? ಈಗ ಗಾಜು ಹೇಗಿದೆಯಮ್ಮ?"
"ತಿಳಿಯಾಗಿದೆ ಅಪ್ಪ."

ತಿರುವು ದಾಟುವಷ್ಟರಲ್ಲಿ ನನಗೇ ಎಲ್ಲ ಮಂಜು. ಬದಿಗೆ ನಿಲ್ಲಿಸಿದೆ.

"ಯಾಕೆ? ಮತ್ತೆ ಗೇರಾ?" ಅಂದರು ಅಪ್ಪ, ಕೈ ಚಾಚಿ ನನ್ನ ಭುಜ ಹುಡುಕುತ್ತ. ಹೂಂ, ಗೇರೇ ಅಂದೆ, ಕಣ್ಣು ಒರೆಸಿಕೊಳ್ಳುತ್ತ.