ಉಮ್ಮನ ಎಡಗಾಲು

ಶಿರಿಯ
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಫೀಫಾಳ ಉಪ್ಪನಿಗೆ ಶಮೀಮಾಳ ಸಲಾಂ.

ಹೇಗಿದ್ದೀರಿ? ಬೆನ್ನುನೋವು ಮತ್ತೆ ಶುರುವಾಗಿಲ್ಲ ತಾನೇ? ನಿಮ್ಮ ಫೋನು ಸಿಗದೆ ಇಂದಿಗೆ ಹದಿನೇಳು ದಿನ. ಸಫ್ವಾನ್ ನಾಳೆ ನಿಮ್ಮದೇ ಹಡಗು ಹತ್ತಲು ಹೊರಡುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮಗಳು ಅಫೀಫಾ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದು, ಸಫ್ವಾನನ ಹೆಸರು ಹೇಳಲು ಹೋದರೆ ಬರೀ ಗಾಳಿ ಬರುತ್ತದೆ.

ಇನ್ನು ನಿಮ್ಮ ಉಮ್ಮನ ವಿಷಯ. ಏಪ್ರಿಲಿನಲ್ಲಿ ಅವರ ಎಡಪಾದಕ್ಕೆ ಮರುವಾಯಿಯ ಚಿಪ್ಪು ಹೊಕ್ಕಿತಲ್ಲ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಕಾಲು, ನೆಲದ ಮೇಲೆ ರಕ್ತ ಕಂಡು ಗೊತ್ತಾದದ್ದು ನನಗೆ, ಅವರಿಗಲ್ಲ. ನಾಲ್ಕು ತಿಂಗಳಾದರೂ ಗಾಯ ಮಾಯಲಿಲ್ಲ. ಮಂಗಳೂರಿನ ಸರ್ಜನ್ ಪಾದದ ಮುಂಭಾಗ ತೆಗೆಯಬೇಕೆಂದಾಗ ನೀವು ಫೋನಿನಲ್ಲಿ "ತೆಗೀಲಿ, ಜೀವ ಉಳಿದರೆ ಸಾಕು" ಎಂದಿರಿ. ಆಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ.

ಆಪರೇಶನ್ನಿಗೆ ದಿನ ಗೊತ್ತುಮಾಡಲು ಹೋದಾಗ ಅಲ್ಲಿಯ ಡಾಕ್ಟರ್ ಶಂಕರಿ ಎನ್ನುವವರು ಕಾಲು ನೋಡಿದರು. ಮಾಯದ ಗಾಯಗಳನ್ನೇ ನೋಡುವವರು ಅವರು. ಎಲುಬಿಗೆ ಸೋಂಕು ಇಳಿದಿಲ್ಲ, ರಕ್ತ ಓಡಾಡುತ್ತಿದೆ, ಎರಡು ವಾರ ಕಾಯಬಹುದು ಎಂದರು. ಲೋಳೆಸರ ಮತ್ತು ಕಡಲಪಾಚಿಯ ಸಾರದಿಂದ ಮಾಡಿದ ಜೆಲ್ ಒಂದನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ. ಎಳೆ ಬೊಂಡದ ತಿರುಳಿನಂತೆ ತಣ್ಣಗೆ, ಮುಟ್ಟಿದರೆ ನಡುಗುತ್ತದೆ. ಗಾಯ ಒಣಗಬೇಕೆಂದೇ ನಾವೆಲ್ಲ ತಿಳಿದವರು, ಅವರು ಹಸಿಯಾಗಿಯೇ ಇಡಬೇಕೆಂದರು. "ಗುಣ ಆಗ್ತದೆ ಅಂತ ಮಾತು ಕೊಡ್ಲಿಕ್ಕೆ ನನಗೆ ಆಗುದಿಲ್ಲ. ಜ್ವರ ಬಂದ್ರೆ, ಕೆಂಪು ಮೇಲೆ ಹತ್ತಿದ್ರೆ ಒಂದು ಗಂಟೆ ಸಹ ಕಾಯ್ಬೇಡಿ" ಎಂದರು. ಆಗ ಉಮ್ಮ ಬಾಯಿ ಬಿಟ್ಟರು. "ಎಲ್ಲರೂ ಕಾಲಿನ ಬಗ್ಗೆ ಮಾತಾಡ್ತೀರಿ. ನಿನಗೆ ಎಂತ ಬೇಕು ಅಂತ ನನ್ನ ಹತ್ರ ಯಾರಾದ್ರೂ ಕೇಳಿದ್ರಾ?" ಅವರಿಗೆ ಬೇಕಿದ್ದದ್ದು ಕಾಲು. ಜೆಲ್ಲಿನ ಕಾಗದಕ್ಕೆ ಬೆರಳೊತ್ತಿದರು, ಮನೆಯವರ ಸಹಿ ಬೇಕಿದ್ದಲ್ಲಿ ನಾನು ಹಾಕಿದೆ.

ಆವತ್ತು ಹಿಡಿದ ಹೆದರಿಕೆ ಇನ್ನೂ ಬಿಟ್ಟಿಲ್ಲ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಕಳಿಸಿದ್ದರು. ಎದ್ದ ಕೂಡಲೇ ಆ ಗೆರೆ ನೋಡುತ್ತೇನೆ, ಹಣೆ ಮುಟ್ಟುತ್ತೇನೆ, ನನ್ನ ಕೈಯನ್ನೇ ನಂಬದೆ ಥರ್ಮಾಮೀಟರ್ ಇಡುತ್ತೇನೆ. ಕಟ್ಟು ಬಿಚ್ಚಿ, ಬಗ್ಗಿ ವಾಸನೆ ನೋಡುತ್ತೇನೆ. ಆರನೆಯ ದಿನ ಕೆಂಪು ಗೆರೆ ದಾಟಿತ್ತು. ನಾನೇ ಕೊಂದೆನೆಂದುಕೊಂಡೆ. ಪಕ್ಕದ ಮನೆಯ ಕೋಯಾಕ ಕಾರು ತಂದರು. ತಲಪಾಡಿ ದಾಟುವಾಗ ಉಮ್ಮ "ಹೆದರಬೇಡ ಮೋಳೇ" ಎಂದು ನನ್ನ ಕೈ ಹಿಡಿದುಕೊಂಡರು. ಡಾಕ್ಟರ್ ನೋಡಿ, ಪ್ಲಾಸ್ಟರಿನ ಅಂಟಿಗೆ ಚರ್ಮ ಕೆಂಪಾದದ್ದು ಅಷ್ಟೇ ಎಂದರು. ನಾನು ಅಲ್ಲೇ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ.

ಇವತ್ತಿಗೆ ಎರಡು ವಾರ. ನಾಲ್ಕೂವರೆ ಸೆಂಟಿಮೀಟರ್ ಇದ್ದ ಗಾಯ ಮೂರಕ್ಕೆ ಬಂದಿದೆ, ಒಳಗೆ ಕೆಂಪು ಮಾಂಸ ಕಾಣುತ್ತದೆ. ಆಪರೇಶನ್ ಸದ್ಯಕ್ಕೆ ಬೇಡ, ಇನ್ನೆರಡು ವಾರ ನೋಡುವ ಎಂದಿದ್ದಾರೆ. ಉಮ್ಮ ನಕ್ಕರು. ನನಗೆ ಮಾತ್ರ ಇನ್ನೂ ನಗು ಬರುವುದಿಲ್ಲ.

ಅಲ್ಲಾಹನು ನಿಮ್ಮನ್ನು ನೀರಿನ ಮೇಲೆ ಸುಖವಾಗಿಟ್ಟಿರಲಿ. ಉಮ್ಮ ದುಆ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಶಮೀಮಾ

ಮತ್ತೆ: ಸಫ್ವಾನ್ ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮಗನ ಮಾತು ಮೀರಿ ತಾನು ಬೆರಳೊತ್ತುವುದಿಲ್ಲ ಎಂದು ಉಮ್ಮ ಆವತ್ತು ಹಠ ಹಿಡಿದರು. ನಾನು ಹೊರಗೆ ಹೋಗಿ ಬಂದು, ಫೋನು ಸಿಕ್ಕಿತು, ನಿಮ್ಮ ಮಗ ನಿಸಾಮುದ್ದೀನ್ ಒಪ್ಪಿದರು ಎಂದೆ. ಸುಳ್ಳು. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆದರೆ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಮೊದಲು ಅವರ ಹತ್ತಿರ ಮಾತಾಡಿ, ಹೌದು ಉಮ್ಮಾ, ನಾನೇ ಹೇಳಿದ್ದು ಎನ್ನಿ.