ಹಗುರವಾದ ಕುಂಡ ಸಿಗಲಿಲ್ಲ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

(ಪ್ರೀತಿ ಇಲ್ಲವೆಂದಲ್ಲ, ಇದೆ. ಇವತ್ತು ಸ್ವಲ್ಪ ಕಡಿಮೆ ಇದೆ, ಅಷ್ಟೆ.)

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ಹಡಗಿನ ಮೋಟಾರುಗಳ ನಡುವೆ ಬಗ್ಗಿ ಬಗ್ಗಿ ಕೆಲಸ ಮಾಡುವಾಗ ಆ ಸೊಂಟದ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದನ್ನು ಪೆಟ್ಟಿಗೆಯಲ್ಲೇ ಮಲಗಿಸಿದ್ದೀರೋ? ಹೊತ್ತುಹೊತ್ತಿಗೆ ಊಟ ಮಾಡಿ. ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮನೂ ಚೆನ್ನಾಗಿದ್ದಾರೆ. ನನ್ನ ಮೇಲೆ ರೇಗುವಷ್ಟು ಶಕ್ತಿ ಇದೆ ಎಂದ ಮೇಲೆ ಅವರ ಆರೋಗ್ಯದ ಬಗ್ಗೆ ಬೇರೆ ಬರೆಯಬೇಕಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇರುವುದು ಎರಡು ಕೋಣೆ, ನಿಮ್ಮ ಫೋನು ಬಂದಾಗಲೆಲ್ಲ ಅತ್ತೆ ನನ್ನ ಪಕ್ಕದಲ್ಲೇ ಕುಳಿತಿರುತ್ತಾರೆ. ಈಗ ಒಳಗೆ ಮಲಗಿದ್ದಾರೆ. ಅದಕ್ಕೇ ಈ ಕಾಗದ.

ಚೆನ್ನಾಗಿಲ್ಲದವನು ಗುಂಡಣ್ಣ. ಕಿಟಕಿಯ ಮೇಲಿನ ನಮ್ಮ ಈ ದಪ್ಪೆಲೆ ಗಿಡ ಇವತ್ತು ಬದುಕಿದೆ ಎಂದರೆ ಅದರಲ್ಲಿ ನಿಮ್ಮ ಪಾತ್ರ ಏನೇನೂ ಇಲ್ಲ. ಅದನ್ನು ಕೊಲ್ಲುವುದರಲ್ಲಿ ಮಾತ್ರ ಪೂರ್ತಿ ನಿಮ್ಮದೇ ಪಾತ್ರ. ನೆನಪಿದೆಯಾ, ಹೊರಡುವ ದಿನ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಿರಿ: "ಅಮ್ಮನಿಗೆ ಮರೆವು. ಗಿಡಕ್ಕೆ ನೀನೇ ನೀರು ಹಾಕು. ಅವರಿಗೆ ಗೊತ್ತಾಗೋದು ಬೇಡ, ಬೇಜಾರು ಮಾಡ್ಕೋತಾರೆ." ನಾನು ಪೆದ್ದಿ, ಬೆಳಗಿನ ಜಾವ ಬೇಕರಿಗೆ ಹೊರಡುವ ಮುಂಚೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಳ್ಳಿಯ ಹಾಗೆ ನೀರು ಹಾಕಿ ಹೋಗುತ್ತಿದ್ದೆ. ಅದೇ ದಿನ ಮೆಟ್ಟಿಲ ಹತ್ತಿರ ಅತ್ತೆಗೂ ನೀವು ಹೇಳಿದಿರಂತೆ: "ಅವಳಿಗೆ ಬೇಕರಿ ಕೆಲಸದಲ್ಲೇ ಸುಸ್ತಾಗಿರುತ್ತೆ, ಮರೆತುಬಿಡ್ತಾಳೆ. ನೀನೇ ಹಾಕಮ್ಮ, ಅವಳಿಗೆ ಹೇಳ್ಬೇಡ." ಅವರೂ ನನ್ನ ಮನಸ್ಸು ನೋಯಬಾರದೆಂದು ನಾನು ಹೋದ ಮೇಲೆ ಹಾಕುತ್ತಿದ್ದರು. ಯಾವಾಗಲೋ ಒಮ್ಮೆ ಗುಟುಕು ನೀರು ಸಿಕ್ಕರೆ ಸಾಕೆನ್ನುವ ಗಿಡಕ್ಕೆ ಬೆಳಗ್ಗೆ ಸೊಸೆಯ ಪಾಲು, ಹಗಲು ಅತ್ತೆಯ ಪಾಲು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೇ ಇಲ್ಲದೆ ಕೂಸು ಕೊಳೆಯಿತು.

ನನಗೆ ರಜೆ ಇದ್ದ ದಿನ ಇಬ್ಬರೂ ಚೊಂಬು ಹಿಡಿದುಕೊಂಡು ಕಿಟಕಿಯ ಮುಂದೆ ಮುಖಾಮುಖಿಯಾದೆವು. ಆಗ ಮುಟ್ಟಿ ನೋಡಿದರೆ ಗಿಡದ ಬುಡ ಮೆತ್ತಗೆ, ಎಲೆ ಹಿಡಿದರೆ ಕೈಗೇ ಬರುತ್ತಿತ್ತು. ಹಿಟ್ಟಿಗೆ ನೀರು ಸುರಿದ ಹಾಗೆ ಸುರಿದಿದ್ದೀಯ ಅಂದರು ಅವರು. "ನೀವು ರೋಗಿಗೆ ಗ್ಲೂಕೋಸ್ ಏರಿಸಿದ ಹಾಗೆ ಏರಿಸಿದ್ದೀರಿ" ಅಂದೆ ನಾನು. ಮಾತಿಗೆ ಮಾತು ಬೆಳೆದು ನೀವು ಇಬ್ಬರಿಗೂ ಗುಟ್ಟಾಗಿ ಹೇಳಿದ್ದೆಲ್ಲ ಹೊರಗೆ ಬಿತ್ತು. "ಮರೆವು" ಅನ್ನುವ ಮಾತು ಕೇಳಿದ ಕೂಡಲೇ ಅತ್ತೆ ತಣ್ಣಗಾಗಿಬಿಟ್ಟರು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿ, ಯಾವ ಹಾಸಿಗೆಗೆ ಯಾವ ಮಾತ್ರೆ ಎಂದು ತಪ್ಪದೆ ನೋಡಿಕೊಂಡ ಹೆಂಗಸು ರೀ ಅವರು. ಚೊಂಬು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಒಂದು ಗಿಡಾನೂ ನನ್ನ ಕೈಲಿ ಬಿಡದ ಮನೇಲಿ ನಾನ್ಯಾಕೆ ಇರ್ಲಿ? ತಿಂಗಳ ಕೊನೆಗೆ ಮಗಳ ಮನೆಗೆ ಹೋಗ್ತೀನಿ." ಸಂಜೆಯೇ ನಿಮ್ಮ ತಂಗಿಗೆ ಫೋನು ಹೋಯಿತು. ಅವಳು ಆಗಲೇ ಕೋಣೆ ಖಾಲಿ ಮಾಡಿಸಿದ್ದಾಳೆ. ಪುಣ್ಯಾತ್ಗಿತ್ತಿ, ಬೇರೆ ಯಾವ ಕೆಲಸಕ್ಕೂ ಅವಳಿಗೆ ಇಷ್ಟು ಅವಸರ ಇರುವುದಿಲ್ಲ.

ಗಿಡ ಬಿಟ್ಟು ಅವರು ಹೋಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಮಾವ ಇದ್ದಾಗ ಕಚೇರಿಯ ಕಿಟಕಿಯಿಂದ ಒಂದೇ ಒಂದು ಎಲೆ ಜೇಬಿಗೆ ಹಾಕಿಕೊಂಡು ಬಂದು ಬೆಳೆಸಿದ ಗಿಡ. ಆದ್ದರಿಂದ ನನಗೆ ಅಪ್ಪಣೆಯಾಯಿತು: ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವಂಥ ಹಗುರವಾದ ಕುಂಡ ತಾ, ಗಿಡ ಅದಕ್ಕೆ ಬದಲಾಯಿಸೋಣ. ಅವರು ತಮ್ಮ ಹಳೆಯ ಕತ್ತರಿ ಒರೆಸಿಕೊಂಡು ಕೊಳೆತ ಬೇರನ್ನೆಲ್ಲ ಕತ್ತರಿಸಿದರು. ತಕ್ಷಣ ಮಣ್ಣಿಗೆ ಇಡೋಣವೆಂದರೆ ಬಿಡಲಿಲ್ಲ, ಗಾಯ ಒಣಗಬೇಕಂತೆ. ಗುಂಡಣ್ಣ ಪೇಪರಿನ ಮೇಲೆ ಮಲಗಿದ, ಇವರು ಹೊತ್ತಿಗೊಂದು ಸಲ ಹೋಗಿ ನೋಡಿ ಬರುವುದು, ನಾನು ಗುಡಿಸುವಾಗ ಧೂಳೆದ್ದರೆ ಬೈಯುವುದು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತು. ಆಮೇಲೆ ಮಣ್ಣಿನ ಸರದಿ. ಮರಳು, ಇಟ್ಟಿಗೆ ಚೂರು, ಮಣ್ಣು ಎಲ್ಲ ಹದವಾಗಿ ಬೆರೆಸಿದೆ. ಬೆರೆಸಿದ ಕೈ ಸುಮ್ಮನಿರಬೇಕಲ್ಲ! ದಿನವೆಲ್ಲ ಹಿಟ್ಟು ನಾದುವ ಕೈ. ನನಗೇ ತಿಳಿಯದೆ ನೀರು ಚಿಮುಕಿಸಿ, ಮಡಿಚಿ, ತಟ್ಟಿ, ಮಣ್ಣನ್ನು ಚೆನ್ನಾಗಿ ನಾದಿ ಉಂಡೆ ಕಟ್ಟಿ ಇಟ್ಟಿದ್ದೆ. ಅತ್ತೆ ಬಂದು ನೋಡಿ, "ಇದನ್ನೇನು ಓವನ್‌ಗೆ ಇಡ್ತೀಯಾ?" ಅಂದರು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನನ್ನದು ಮೊಣಕೈವರೆಗೂ ಕೆಸರು, ಮೇಲೆ ಬೈಗುಳ. ಉಂಡೆ ಒಣಗಿ ಕಲ್ಲಾಯಿತು. ಅದನ್ನು ಲಟ್ಟಣಿಗೆಯಲ್ಲಿ ಕುಟ್ಟಿ ಪುಡಿ ಮಾಡಿದೆ, ಲಟ್ಟಣಿಗೆ ಹಾಳುಮಾಡಿದೆ ಎಂದು ಅದಕ್ಕೂ ಬೈಸಿಕೊಂಡೆ.

ನಾನು ಏನು ಹೇಳಿದರೂ ಅವರು ನಂಬುವುದಿಲ್ಲ ರೀ. ನೀರು ಕಾದಿದೆ ಅಂದರೆ ಬೆರಳು ಅದ್ದಿ ನೋಡುತ್ತಾರೆ. ನೀವು ಸಮುದ್ರದ ಮಧ್ಯದಿಂದ "ಇಲ್ಲಿ ಇವತ್ತು ಮೋಡವಿದೆ" ಅಂದರೆ ಸಾಕು, ನಮ್ಮ ಮನೆಯ ಹೊರಗೆ ಒಣಹಾಕಿದ ಬಟ್ಟೆ ಒಳಗೆ ತರುತ್ತಾರೆ. ಅಷ್ಟು ನಂಬಿಕೆ ಇಟ್ಟ ತಾಯಿಗೆ ಮರೆವು ಅಂದಿರಲ್ಲ, ನಿಮಗೆ ಏನು ಹೇಳೋಣ! ಮೊನ್ನೆ ಬೇಕರಿಯಲ್ಲಿ ಬಿಸಿ ತಟ್ಟೆ ತಗುಲಿ ನನ್ನ ಮಣಿಕಟ್ಟು ಸುಟ್ಟಿತು. ಮಾತು ಬಿಟ್ಟಿದ್ದ ದಿನವದು. ಹಾಗಿದ್ದೂ ನಾನು ಬಾಗಿಲು ತೆಗೆದು ಒಳಗೆ ಬಂದ ರೀತಿಯಿಂದಲೇ ಅವರಿಗೆ ತಿಳಿಯಿತು. ಕೈ ಎಳೆದುಕೊಂಡು ನಲ್ಲಿಯ ಕೆಳಗೆ ಹಿಡಿದು, ಒರೆಸಿ, ಬಟ್ಟೆ ಕಟ್ಟಿದರು. ಕಟ್ಟಿದ ಮೇಲೆ ಮತ್ತೆ ಮುಖ ತಿರುಗಿಸಿಕೊಂಡು ಕುಳಿತರು. ನನಗೆ ಅಳು ಬಂತು, ಉರಿಗೆ ಎಂದುಕೊಂಡಿರಬೇಕು.

ಅಂತೂ ಇವತ್ತು ಬೆಳಗ್ಗೆ ಕುಂಡ ಬಂತು. ಹಗುರವಾದದ್ದು ಎಲ್ಲೂ ಸಿಗಲಿಲ್ಲ. ಬೇಕರಿಯ ಹಿಂದೆ ಹಿಟ್ಟು ಕಲಸುವ ಹಳೆಯ ಮಿಷನ್ನಿನ ಕಬ್ಬಿಣದ ಪಾತ್ರೆ ಬಿದ್ದಿತ್ತು, ಬುಡದಲ್ಲಿ ತೂತು ಇದೆ, ನೀರು ನಿಲ್ಲುವುದಿಲ್ಲ. ಬ್ರೆಡ್ ಗಾಡಿಯವನೂ ಕೆಳಗಿನ ಮನೆಯ ಬಡಗಿಯೂ ಸೇರಿ, ನನ್ನನ್ನು ಶಪಿಸುತ್ತ, ಮೆಟ್ಟಿಲಿಗೊಮ್ಮೆ ಇಳಿಸುತ್ತ ಮೇಲೆ ತಂದರು. ಅರ್ಧದವರೆಗೆ ಇಟ್ಟಿಗೆ ತುಂಬಿದೆ, ಮೇಲೆ ಮಣ್ಣು, ನಡುವೆ ನಮ್ಮ ಗುಂಡಣ್ಣ. ಅತ್ತೆ ಬುಡಕ್ಕೆ ಬೆರಳಿನಿಂದ ಮಣ್ಣು ಸರಿಸಿ, ಎದ್ದು ನಿಂತು ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಅಂದರು. ಇದನ್ನು ರೈಲಿಗೆ ಹತ್ತಿಸುವುದು ಹೇಗೆ ಎಂದು ಕೇಳಿದರು. ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ನಿಮ್ಮ ನೀಲಿ ಸ್ವೆಟರಿನ ತೋಳು ಹೊಲಿದು ಇಟ್ಟಿದ್ದೇನೆ. ಅಡುಗೆಮನೆಯ ದೀಪದ ಸ್ವಿಚ್ಚು ಇನ್ನೂ ಕಿರಿಕಿರಿ ಮಾಡುತ್ತಿದೆ. ಇಡೀ ಹಡಗಿಗೆ ಕರೆಂಟು ಕೊಡುವವನ ಮನೆಯಲ್ಲಿ ದೀಪ ಹತ್ತುವುದಿಲ್ಲ ಎಂದು ಅತ್ತೆ ದಿನಾ ಹೇಳುತ್ತಾರೆ, ಅದೊಂದನ್ನು ನಾನೂ ಒಪ್ಪುತ್ತೇನೆ. ಮೈ ಜೋಪಾನ. ಡೆಕ್ಕಿನ ಮೇಲೆ ಗಾಳಿಗೆ ನಿಲ್ಲಬೇಡಿ. ಅತ್ತೆಯ ಆಶೀರ್ವಾದ ಕೇಳಿ ಬರೆಯೋಣವೆಂದರೆ ಅವರಿಗೆ ಈ ಕಾಗದದ ಸುದ್ದಿಯೇ ಗೊತ್ತಾಗಬಾರದು. ಇದ್ದೇ ಇದೆ ಎಂದು ತಿಳಿದುಕೊಳ್ಳಿ.

ಇಂತಿ,
ಸಿಟ್ಟಿನಲ್ಲಿರುವ,
ನಿಮ್ಮವಳು

ತಾ.ಕ.: ಎದ್ದರು ಅನ್ನಿಸುತ್ತದೆ, ಬೇಗ ಬರೆಯುತ್ತೇನೆ. ಹಗುರವಾದ ಕುಂಡ ಬೀದಿ ಕೊನೆಯ ಅಂಗಡಿಯಲ್ಲಿ ರಾಶಿ ಬಿದ್ದಿದೆ, ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಕುಂಡ ಬದಲಾಯಿಸಿದ ಗಿಡವನ್ನು ಒಂದು ವರ್ಷ ಅಲುಗಾಡಿಸಬಾರದು ಎಂದು ಅತ್ತೆಗೆ ಹೇಳಿದ್ದೇನೆ. ಯಾರು ಹೇಳಿದ್ದು ಅಂದರು. ನಿಮ್ಮ ಮಗ ಅಂದುಬಿಟ್ಟೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಹಾಗಾದ್ರೆ ಅವನೇ ಬರೆದು ಕಳಿಸ್ಲಿ, ಅಲ್ಲೀವರೆಗೆ ಟಿಕೆಟ್ ತಗೊಳಲ್ಲ" ಅಂದರು. ಅವರು ಹೋದರೆ ಈ ಮನೆಯಲ್ಲಿ ನನಗೆ ಯಾರಿದ್ದಾರೆ ರೀ? ಕೂಡಲೇ ಬರೆಯಿರಿ, ನೀರು ಹಾಕುವುದು ಅಮ್ಮನೇ ಎಂದೂ ಬರೆಯಿರಿ. ಈ ಸಲವಾದರೂ ಇಬ್ಬರಿಗೂ ಒಂದೇ ಮಾತು ಹೇಳಿ. ಒಂದು ವರ್ಷ ಎಂದೇ ಬರೆಯಬೇಕೆಂದಿಲ್ಲ, ಎರಡು ಎಂದರೂ ನಡೆಯುತ್ತದೆ.